ಇರುವೆಗಿಂತ ಚಿಕ್ಕವರಾಗುವ ಸುಖ

ಅಂಗಳದ ಗರಿಕೆ ಹುಲ್ಲು ಅಡಿಕೆ ಮರದಂತೆ ತಲೆಯ ಮೇಲೆ ತೂಗಾಡಿದರೆ? ಕಾಲ್ಬೆರಳಿನ ಪಕ್ಕ ಹರಿದು ಹೋಗುವ ಗೊದ್ದ, ಕುದುರೆಯಷ್ಟಾಗಿ ಬೆನ್ನು ಕೊಟ್ಟು ನಿಂತರೆ? ಗಲಿವರನ ಕಥೆ ಓದಿದ ಮಕ್ಕಳಿಗೆ ಇದು ಹೊಸದಲ್ಲ. ಆದರೆ ಅಮೆರಿಕದ ಫ್ಲಾರಿಡಾದಲ್ಲಿ ಮಕ್ಕಳು ಇಂಥ ಅಂಗಳಕ್ಕೆ ನಿಜವಾಗಿಯೂ ನುಗ್ಗಿ ಆಡುತ್ತಿದ್ದರು. 1990ರ ಡಿಸೆಂಬರ್ 17ರಂದು ತೆರೆದ ಅದು 2016ರ ಏಪ್ರಿಲ್ 2ರಂದು ಮುಚ್ಚಿತು.

ಡಿಸ್ನಿ ಕಂಪೆನಿಯ ಸಿನಿಮಾ ಪಾರ್ಕಿನೊಳಗೆ ಈ ಆಟದ ಅಂಗಳವಿತ್ತು. ಪಾರ್ಕಿಗೆ ಆಗ ಡಿಸ್ನಿ-ಎಂಜಿಎಂ ಸ್ಟುಡಿಯೋಸ್ ಎಂದು ಹೆಸರು. 2008ರಲ್ಲಿ ಅದು ಡಿಸ್ನಿಸ್ ಹಾಲಿವುಡ್ ಸ್ಟುಡಿಯೋಸ್ ಆಯಿತು. ಅಂಗಳಕ್ಕೆ ಮೂಲ 1989ರ ‘ಹನಿ, ಐ ಶ್ರಂಕ್ ದ ಕಿಡ್ಸ್’ ಚಿತ್ರ. ವಿಜ್ಞಾನಿ ಅಪ್ಪನ ಯಂತ್ರಕ್ಕೆ ಸಿಕ್ಕಿ ನಾಲ್ಕು ಮಕ್ಕಳು ಕಾಲಂಗುಲಕ್ಕೆ ಕುಗ್ಗುತ್ತಾರೆ, ಕಸದ ಜೊತೆ ಹೊರಗೆ ಬೀಳುತ್ತಾರೆ. ಹಿತ್ತಲು ದಾಟಿ ಮನೆ ಸೇರುವುದೇ ಅವರ ಪಾಲಿಗೆ ಮಹಾಯಾತ್ರೆ!

ಆ ಹಿತ್ತಲನ್ನೇ ಇಲ್ಲಿ ಕಟ್ಟಿದ್ದರು. ಮೂವತ್ತು ಅಡಿ ಎತ್ತರದ ಹುಲ್ಲೆಸಳುಗಳು, ಹತ್ತಲು ಹಗ್ಗದ ಜೇಡರ ಬಲೆ, ಕೂರಲು ಇರುವೆ, ನುಸುಳಲು ಸುರಂಗ. ತೂತು ಬಿದ್ದ ರಬ್ಬರ್ ಪೈಪೊಂದು ಯಾವಾಗ, ಎಲ್ಲಿಂದ ನೀರು ಚಿಮ್ಮಿಸುತ್ತದೋ ಹೇಳುವಂತಿರಲಿಲ್ಲ. ಫ್ಲಾರಿಡಾದ ಬಿಸಿಲಿಗೆ ಅದಕ್ಕಿಂತ ಒಳ್ಳೆಯ ಉಪಾಯ ಬೇಕೇ? ಗೋಡೆಯಿಂದ ಹೊರಚಾಚಿದ ನಾಯಿಯ ಮೂಗೊಂದು ಹತ್ತಿರ ಬಂದವರನ್ನು ಮೂಸುತ್ತಿತ್ತು. ಬಿದ್ದರೆ ಮಂಡಿ ತರಚದಂತೆ ನೆಲವೂ ಮೆತ್ತಗೆ.

ಇಲ್ಲಿ ಬೆಲ್ಟು ಬಿಗಿದು ಕೂರಿಸುವವರಿರಲಿಲ್ಲ, ಎರಡು ನಿಮಿಷಕ್ಕೆ ಇಳಿಸುವವರೂ ಇರಲಿಲ್ಲ. ಹತ್ತುವುದು, ಜಾರುವುದು, ಮತ್ತೆ ಓಡಿ ಬಂದು ಹತ್ತುವುದು. ಸಾಲಿನಲ್ಲಿ ನಿಂತು ನಿಂತು ರೋಸಿದ ಮಗುವಿಗೆ ಇನ್ನೇನು ಬೇಕು? ಸುರಂಗದೊಳಗೆ ಮಾಯವಾದ ಮಗ ಯಾವ ತುದಿಯಲ್ಲಿ ಹೊರಬರುತ್ತಾನೋ ಎಂದು ಕಾಯುವ ಅಪ್ಪ–ಅಮ್ಮಂದಿರ ಪಾಡು ಬೇರೆ, ಬಿಡಿ.

ಅಂಗಳದಲ್ಲೊಂದು ದೈತ್ಯಾಕಾರದ ಕೊಡಕ್ ಫಿಲಂ ಡಬ್ಬಿ ಇತ್ತು. ಅದರೊಳಗಿನಿಂದ ಹೊರಬಂದ ಫಿಲಂ ಸುರುಳಿಯೇ ಜಾರುಬಂಡೆ. 1990ರಲ್ಲಿ ಅದನ್ನು ಯಾರಿಗೂ ವಿವರಿಸಬೇಕಿರಲಿಲ್ಲ; ಕೆಳಗೆ ನಿಂತ ಅಪ್ಪನ ಕ್ಯಾಮೆರಾದಲ್ಲೂ ಅದೇ ಬಗೆಯ ಸುರುಳಿ! 2012ರ ಜನವರಿಯಲ್ಲಿ ಕೊಡಕ್ ದಿವಾಳಿ ಕಾನೂನಿನ ರಕ್ಷಣೆ ಕೋರಿತು. ಆಮೇಲೂ ನಾಲ್ಕು ವರ್ಷ ಮಕ್ಕಳು ಆ ಸುರುಳಿಯ ಮೇಲೆ ಜಾರಿದರು. ಅದೇನೆಂದು ತಿಳಿಯದ ಮಗುವೂ ಜಾರಬಹುದಿತ್ತು. ಸಿನಿಮಾದ ಮಾತೂ ಅಷ್ಟೇ. ಚಿತ್ರ ಹಳತಾಗಿತ್ತು, ನಿಜ; ಆದರೆ ಹುಲ್ಲಿನ ಕೆಳಗೆ ಓಡಾಡಲು ಚಿತ್ರ ನೋಡಿರಬೇಕೇ?

ಹಾಗಿದ್ದೂ ಅಂಗಳ ಹೋಯಿತು. ಪಾರ್ಕಿನ ಆ ಭಾಗವನ್ನು ತೆರವು ಮಾಡಿ, 14 ಎಕರೆಯ ‘ಸ್ಟಾರ್ ವಾರ್ಸ್’ ಲೋಕವನ್ನು ಕಟ್ಟಿ, 2019ರ ಆಗಸ್ಟ್ 29ರಂದು ತೆರೆದರು. ತಮಾಷೆಯೆಂದರೆ, ಮಕ್ಕಳನ್ನು ಕುಗ್ಗಿಸಿದ ಚಿತ್ರದ ನಿರ್ದೇಶಕ ಜೋ ಜಾನ್‌ಸ್ಟನ್ ಮೊದಲು ಹೆಸರು ಮಾಡಿದ್ದೇ ‘ಸ್ಟಾರ್ ವಾರ್ಸ್’ ಚಿತ್ರಗಳ ವಿನ್ಯಾಸಕಾರನಾಗಿ!

ಹೊಸ ಲೋಕ ಭವ್ಯವಾಗಿಯೇ ಇದೆ. ಆದರೆ ಅಲ್ಲಿನ ಎರಡು ಮುಖ್ಯ ಸವಾರಿಗಳಿಗೆ ಹೋಗಬೇಕಾದರೆ ಎತ್ತರ ಅಳೆಯುತ್ತಾರೆ. ಒಂದಕ್ಕೆ 38 ಅಂಗುಲ, ಇನ್ನೊಂದಕ್ಕೆ 40 ಅಂಗುಲ ಇರಲೇಬೇಕು. ಸುರಕ್ಷತೆಯ ನಿಯಮ, ತಪ್ಪೆನ್ನುವಂತಿಲ್ಲ. ಆದರೂ ಚಿಕ್ಕವರಾಗುವುದೇ ಆಟವಾಗಿದ್ದ ಕಡೆ ಈಗ ಚಿಕ್ಕವರೆಂಬ ಕಾರಣಕ್ಕೆ ಮಕ್ಕಳು ಬಾಗಿಲಲ್ಲೇ ಉಳಿಯಬೇಕೇ ಎಂದು ಕೇಳಬೇಕೆನಿಸುತ್ತದೆ.

ಹಿತ್ತಲಿನ ಕಲ್ಪನೆಯನ್ನು ಡಿಸ್ನಿ ಬಿಟ್ಟುಬಿಡಲಿಲ್ಲ. 2018ರ ಜೂನ್ 30ರಂದು ಅದೇ ಪಾರ್ಕಿನಲ್ಲಿ ಟಾಯ್ ಸ್ಟೋರಿ ಲ್ಯಾಂಡ್ ತೆರೆಯಿತು. ಆಂಡಿ ಎಂಬ ಹುಡುಗನ ಹಿತ್ತಲಿನಲ್ಲಿ ನೀವು ಆಟಿಕೆಯಷ್ಟು ಗಾತ್ರಕ್ಕೆ ಕುಗ್ಗಿದ್ದೀರಿ ಎಂಬ ಕಲ್ಪನೆ. ಇಲ್ಲೂ ಸುತ್ತ ದೈತ್ಯ ವಸ್ತುಗಳಿವೆ, ಆದರೆ ಅವು ನೋಡಲಿಕ್ಕೆ. ಆಟವೆಂದರೆ ಸಾಲು ನಿಂತು ಏರುವ ಸವಾರಿ. ನಾಯಿಯ ಆಕಾರದ ರೈಲು ಹತ್ತಲು ಮತ್ತದೇ 38 ಅಂಗುಲ.