ಎ.ಸಿ.ಯ ಹೊರಪೆಟ್ಟಿಗೆಯೂ ಸಾಕುಪ್ರಾಣಿಗಳೂ



ಮುಂಬಯಿಯ ಬೇಸಗೆಯ ಸೆಕೆ ಎಂಥದೆಂಬುದನ್ನು ನಿಮಗೆ ಹೇಳಿಕೊಡಬೇಕಾಗಿಲ್ಲ. ಒಂದು ಕಾಲದಲ್ಲಿ ದೊಡ್ಡ ಕಚೇರಿ, ಚಿತ್ರಮಂದಿರಗಳಲ್ಲಿ ಮಾತ್ರ ಕಾಣುತ್ತಿದ್ದ ಹವಾನಿಯಂತ್ರಣ ಯಂತ್ರವು ಇಂದು ಎ.ಸಿ. ಎಂಬ ಚಿಕ್ಕ ಹೆಸರಿನಿಂದ ಸಾಮಾನ್ಯ ಗೃಹಸ್ಥರ ಮನೆಗೂ ಬಂದಿದೆ. ನಿಮ್ಮೆಲ್ಲರ ಮನೆಯಲ್ಲಿಯೂ ಅದು ಇರಲಾರದು. ಆದರೂ ಕಟ್ಟಡದ ಕೆಳಗಿನ ಔಷಧದ ಅಂಗಡಿ, ಬ್ಯಾಂಕು, ದವಾಖಾನೆಗಳ ಹಿಂಗೋಡೆಯ ಬಳಿ, ನೆಲದ ಮೇಲೆ, ಬೀಸಣಿಗೆ ತಿರುಗುವ ಬಿಳಿಯ ಪೆಟ್ಟಿಗೆಯನ್ನು ನೀವು ಕಂಡೇ ಇರುತ್ತೀರಿ. ಅದೇ ಎ.ಸಿ.ಯ ಹೊರಪೆಟ್ಟಿಗೆ. ನಾಯಿ ಬೆಕ್ಕುಗಳಿಂದ ಅದಕ್ಕೆ ಕೇಡು ಒದಗುವುದುಂಟು. ಆ ಕೇಡಿನ ಸಿಟ್ಟು ಕಡೆಗೆ ಮೂಕಪ್ರಾಣಿಯ ಮೇಲೆ ತಿರುಗುವುದೂ ಉಂಟು. ಯಂತ್ರವನ್ನೂ ಪ್ರಾಣಿಯನ್ನೂ ಒಟ್ಟಿಗೆ ಕಾಪಾಡುವ ಬಗೆ ಯಾವುದೆಂಬುದನ್ನು ಇಲ್ಲಿ ವಿಚಾರಿಸೋಣ.

ಮೊದಲು ಯಂತ್ರದ ಕೆಲಸವನ್ನು ತಿಳಿಯಬೇಕು. ಮಣ್ಣಿನ ಹೂಜಿಯ ನೀರು ತಂಪಾಗಿರುವುದು ಏಕೆ? ಹೂಜಿಯ ಮೈಯಿಂದ ಒಸರಿದ ನೀರು ಆವಿಯಾಗುವಾಗ ಒಳಗಿನ ಶಾಖವನ್ನು ಸೆಳೆದುಕೊಳ್ಳುತ್ತದೆ. ಎ.ಸಿ.ಯ ತತ್ತ್ವವೂ ಇದಕ್ಕೆ ಸಮೀಪವಾದುದೇ. ಸುಲಭವಾಗಿ ಆವಿಯಾಗುವ ಶೀತಕವೆಂಬ ದ್ರವ್ಯವು ಅದರ ಕೊಳವೆಗಳಲ್ಲಿ ಸುತ್ತುತ್ತಿರುತ್ತದೆ. ಮೆಕ್ಯಾನಿಕರು ಅದನ್ನು ‘ಗ್ಯಾಸು’ ಎನ್ನುತ್ತಾರೆ. ಕೋಣೆಯೊಳಗಿನ ಭಾಗದಲ್ಲಿ ಅದು ಆವಿಯಾಗಿ ಕೋಣೆಯ ಶಾಖವನ್ನು ಹೀರುತ್ತದೆ. ಹೊರಪೆಟ್ಟಿಗೆಯಲ್ಲಿರುವ ಕಂಪ್ರೆಸರ್ ಆ ಆವಿಯನ್ನು ಅದುಮುತ್ತದೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪು ಬಿಸಿಯಾಗುವಂತೆ, ಅದುಮಿದ ಆವಿಯೂ ಬಿಸಿಯೇರುತ್ತದೆ. ಬಳಿಕ ಅದು ತಾಮ್ರದ ಕೊಳವೆಯ ಸುರುಳಿಯಲ್ಲಿ ಹರಿದು, ಹೀರಿ ತಂದ ಶಾಖವನ್ನು ಹೊರಗಿನ ಗಾಳಿಗೆ ಒಪ್ಪಿಸಿ ಮತ್ತೆ ದ್ರವವಾಗುತ್ತದೆ.

ಶಾಖವು ಬೇಗನೆ ಹೊರಬೀಳಲೆಂದು ಸಾಮಾನ್ಯವಾಗಿ ಈ ಕೊಳವೆಗಳಿಗೆ ಅಲ್ಯುಮಿನಿಯಮ್ಮಿನ ನೂರಾರು ತೆಳು ಹಾಳೆಗಳನ್ನು ಒತ್ತೊತ್ತಾಗಿ ಪೋಣಿಸಿರುತ್ತಾರೆ. ಒಂದೊಂದು ಹಾಳೆಯ ದಪ್ಪ ಸುಮಾರು 0.1 ಮಿಲಿಮೀಟರ್, ಎಂದರೆ ನಿಮ್ಮ ನೋಟುಪುಸ್ತಕದ ಕಾಗದದಷ್ಟು. ಬೀಸಣಿಗೆಯು ಹಿಂಬದಿಯಿಂದಲೂ ಒಂದು ಪಕ್ಕದಿಂದಲೂ ಈ ಹಾಳೆಗಳ ನಡುವೆ ಗಾಳಿಯನ್ನು ಸೆಳೆದು ಮುಂದಕ್ಕೆ ನೂಕುತ್ತದೆ. ಹೊರನೋಟಕ್ಕೆ ಗಟ್ಟಿಮುಟ್ಟಾಗಿ ಕಾಣುವ ಪೆಟ್ಟಿಗೆಯ ಜೀವಾಳವು ಇಷ್ಟು ನಾಜೂಕಾದುದು.

ಇನ್ನು ಪ್ರಾಣಿಗಳಿಂದಾಗುವ ಕೇಡನ್ನು ನೋಡೋಣ. ಕಂಬ, ಗೋಡೆಯ ಮೂಲೆ, ಗಾಡಿಯ ಗಾಲಿ ಮೊದಲಾದ ನೆಟ್ಟಗಿನ ವಸ್ತುಗಳ ಮೇಲೆ ಮೂತ್ರಮಾಡಿ ತನ್ನ ಗುರುತನ್ನು ಬಿಡುವುದು ಗಂಡುನಾಯಿಯ ಹುಟ್ಟುಗುಣ. ವಾಸನೆಯ ಜಾಡನ್ನು ಹಿಡಿದು ಅದು ಮರುದಿನವೂ ಅಲ್ಲಿಗೇ ಬರುತ್ತದೆ. ಮೂತ್ರದಲ್ಲಿ ಯೂರಿಯಾ ಮತ್ತು ಉಪ್ಪುಗಳಿರುತ್ತವೆ. ಸೂಕ್ಷ್ಮಜೀವಿಗಳು ಯೂರಿಯಾವನ್ನು ಒಡೆದು ಅಮೋನಿಯವಾಗಿ ಮಾರ್ಪಡಿಸುತ್ತವೆ. ತೊಳೆಯದ ಮೂತ್ರಾಲಯಗಳಲ್ಲಿ ಮೂಗಿಗೆ ಅಡರುವ ಘಾಟು ಅದರದೇ. ಅಮೋನಿಯವು ತೇವದೊಡನೆ ಕೂಡಿ ತಾಮ್ರವನ್ನು ಮೆಲ್ಲಮೆಲ್ಲನೆ ಕೊರೆಯುತ್ತದೆ. ಅಲ್ಯುಮಿನಿಯಮ್ಮಿನ ಮೈಮೇಲೆ ತಾನಾಗಿಯೇ ಮೂಡಿ ಅದನ್ನು ಕಾಯುವ ತೆಳುವಾದ ಪೊರೆಯೊಂದುಂಟು. ಉಪ್ಪು ಆ ಪೊರೆಯನ್ನು ಅಲ್ಲಲ್ಲಿ ಭೇದಿಸಿ ಲೋಹದಲ್ಲಿ ಗುಳಿಗಳನ್ನು ಮಾಡುತ್ತದೆ.

ಇಷ್ಟಕ್ಕೇ ಮುಗಿಯಲಿಲ್ಲ. 1800ರಲ್ಲಿ ಇಟಲಿಯ ವಿಜ್ಞಾನಿ ವೋಲ್ಟಾ ಎರಡು ಬೇರೆ ಬೇರೆ ಲೋಹಗಳ ನಡುವೆ ಉಪ್ಪುನೀರಿನಲ್ಲಿ ನೆನೆದ ಬಟ್ಟೆಯನ್ನಿಟ್ಟು ವಿದ್ಯುತ್ತನ್ನು ಪಡೆದ ಸಂಗತಿ ನಿಮ್ಮ ವಿಜ್ಞಾನದ ಪಾಠಕ್ಕೆ ಸೇರಿದುದು. ಹೊರಪೆಟ್ಟಿಗೆಯಲ್ಲಿ ತಾಮ್ರವೂ ಅಲ್ಯುಮಿನಿಯಮ್ಮೂ ಒಂದಕ್ಕೊಂದು ತಾಗಿಕೊಂಡಿವೆ. ಅವುಗಳ ಸಂದಿಗೆ ಉಪ್ಪಿನಂಶವುಳ್ಳ ಮೂತ್ರವು ಬಿದ್ದಿತೆಂದರೆ ಯಾರೂ ಬಯಸದ ವಿದ್ಯುತ್ಕೋಶವೊಂದು ಅಲ್ಲಿ ಸಿದ್ಧವಾದಂತೆಯೇ. ಈ ಜೋಡಿಯಲ್ಲಿ ಸವೆದುಹೋಗುವುದು ಅಲ್ಯುಮಿನಿಯಮ್. ಮುಂಬಯಿಯ ಕಡಲಗಾಳಿಯಲ್ಲಿ ಮೊದಲೇ ಉಪ್ಪಿದೆ. ನಾಯಿಯ ಮೂತ್ರವು ಉರಿಯುವ ಬೆಂಕಿಗೆ ತುಪ್ಪವಾಗುತ್ತದೆ.

ಪ್ರಾಣಿಗಳ ಉದುರುಕೂದಲೂ ಗಾಳಿಯ ಸೆಳೆತಕ್ಕೆ ಸಿಕ್ಕಿ ಹಿಂಬದಿಯ ಹಾಳೆಗಳಿಗೆ ಅಂಟಿ, ಕಂಬಳಿ ಹೊದಿಸಿದಂತಾಗುತ್ತದೆ. ಆಗ ಶಾಖವು ಹೊರಹೋಗಲಾರದೆ ಯಂತ್ರವು ಏದುಸಿರು ಬಿಡುತ್ತದೆ. ವಿದ್ಯುತ್ತಿನ ಬಿಲ್ಲು ಏರುತ್ತದೆ. ಬೆಕ್ಕಿಗೆ ಕೊಳವೆಯ ಮೇಲಿನ ಕಪ್ಪು ಸ್ಪಂಜಿನಂಥ ಹೊದಿಕೆಯನ್ನು ಪರಚುವುದರಲ್ಲಿ ಆಸಕ್ತಿ. ಹಲ್ಲು ಮೂಡುವ ನಾಯಿಮರಿಗೆ ವೈರನ್ನು ಕಡಿಯುವ ಹಂಬಲ. ಆ ವೈರಿನಲ್ಲಿ 230 ವೋಲ್ಟಿನ ವಿದ್ಯುತ್ತು ಹರಿಯುತ್ತಿರುವುದರಿಂದ ಇಲ್ಲಿ ಹಾನಿ ಯಂತ್ರಕ್ಕಿಂತ ಮರಿಗೇ ಹೆಚ್ಚು.

ಕೊಳವೆ ತೂತಾದರೆ ಶೀತಕವು ಸೋರಿಹೋಗುತ್ತದೆ. ಈಗಿನ ಅನೇಕ ಯಂತ್ರಗಳಲ್ಲಿರುವ ಆರ್-32 ಎಂಬ ಶೀತಕವು, ತೂಕಕ್ಕೆ ತೂಕ ಹೋಲಿಸಿದರೆ, ನೂರು ವರ್ಷಗಳ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ 600 ಪಟ್ಟಿಗೂ ಮಿಕ್ಕಿ ಭೂಮಿಯನ್ನು ಬಿಸಿಮಾಡಬಲ್ಲುದು. ಇಂಥ ಅನಿಲಗಳ ಬಳಕೆಯನ್ನು ಕ್ರಮವಾಗಿ ತಗ್ಗಿಸಲೆಂದು 2016ರಲ್ಲಿ ಆಫ್ರಿಕದ ಕಿಗಾಲಿ ನಗರದಲ್ಲಿ ರಾಷ್ಟ್ರಗಳು ಒಪ್ಪಂದಕ್ಕೆ ಬಂದವು. 2021ರಲ್ಲಿ ಭಾರತವೂ ಅದನ್ನು ಅನುಮೋದಿಸಿತು. ಆದುದರಿಂದ ಒಂದು ಕೊಳವೆಯ ತೂತು ಮನೆಯೊಡೆಯನ ನಷ್ಟವಷ್ಟೇ ಅಲ್ಲ.

ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಫಲವಿಲ್ಲ. ಮುಂಚಿತವಾಗಿ ಮಾಡಬೇಕಾದವು ಇವು. ಮೊದಲನೆಯದಾಗಿ, ಪೆಟ್ಟಿಗೆಯನ್ನು ನೆಲದ ಮೇಲಿಡದೆ ಕಬ್ಬಿಣದ ಗಟ್ಟಿ ಸ್ಟ್ಯಾಂಡಿನ ಮೇಲೆ ಎರಡು ಮೂರಡಿ ಎತ್ತರದಲ್ಲಿ ಕೂರಿಸುವುದು. ಎರಡನೆಯದಾಗಿ, ಸತುವು ಲೇಪಿಸಿದ ತಂತಿಬಲೆಯ ಬೇಲಿಯನ್ನು ಸುತ್ತ ಕಟ್ಟಿಸುವುದು. ಬೇಲಿಯು ಪೆಟ್ಟಿಗೆಗೆ ತಾಗಬಾರದು. ಪಕ್ಕಗಳಲ್ಲಿ ಒಂದಡಿಯಷ್ಟು, ಬಿಸಿಗಾಳಿ ಬೀಳುವ ಮುಂಭಾಗದಲ್ಲಿ ಇನ್ನೂ ಹೆಚ್ಚು ಅಂತರವಿರಲಿ. ಯಂತ್ರದೊಡನೆ ಬಂದ ಕೈಪಿಡಿಯಲ್ಲಿ ಅಳತೆ ಕೊಟ್ಟಿದ್ದರೆ ಅದನ್ನೇ ಅನುಸರಿಸಬೇಕು. ಹಲಗೆ, ತಾಡಪಾಲುಗಳಿಂದ ಮುಚ್ಚಿ ನಡೆಸಿದರೆ ಯಂತ್ರಕ್ಕೆ ಉಸಿರುಕಟ್ಟುತ್ತದೆ. ಮೂರನೆಯದಾಗಿ, ವೈರನ್ನು ಗಟ್ಟಿ ಪೈಪಿನೊಳಗೆ ಸಾಗಿಸಿ, ಅರ್ಥಿಂಗ್ ಸರಿಯಾಗಿದೆಯೇ ಎಂದು ಬಲ್ಲವರಿಂದ ನೋಡಿಸುವುದು. ನಾಲ್ಕನೆಯದಾಗಿ, ಮೂತ್ರ ಬಿದ್ದುದು ಕಂಡಕೂಡಲೇ ಹಿರಿಯರು ಮೈನ್ ಸ್ವಿಚ್ಚನ್ನು ಆರಿಸಿ, ಹಾಳೆಗಳು ಬಾಗದಂತೆ ಮೆದುವಾದ ಧಾರೆಯಿಂದ ತಿಳಿನೀರು ಹೊಯ್ದು ತೊಳೆಯುವುದು. ಆಸಿಡ್ಡಾಗಲಿ ಬ್ಲೀಚಿಂಗ್ ಪುಡಿಯಾಗಲಿ ಕೂಡದು. ಅವೂ ಲೋಹವನ್ನು ತಿನ್ನುತ್ತವೆ. ನೀವಂತೂ ಪೆಟ್ಟಿಗೆಯನ್ನು ಬಿಚ್ಚಬಾರದು. ಸ್ವಿಚ್ಚು ಆರಿಸಿದ ಮೇಲೂ ಅದರೊಳಗಿನ ಕೆಪಾಸಿಟರಿನಲ್ಲಿ ವಿದ್ಯುತ್ತು ಉಳಿದಿರಬಹುದು.

ನಾಯಿ ಬಾರದಿರಲೆಂದು ಕೆಲವರು ಮೆಣಸಿನ ಪುಡಿಯನ್ನೂ ನುಸಿಗುಳಿಗೆಗಳನ್ನೂ ಎರಚುತ್ತಾರೆ. ಮೆಣಸು ಕಣ್ಣುಮೂಗುಗಳನ್ನು ಉರಿಸುತ್ತದೆ. ನುಸಿಗುಳಿಗೆಯನ್ನು ನುಂಗಿದ ಪ್ರಾಣಿಗೆ ವಿಷವೇರುತ್ತದೆ. ನಾಯಿಗೆ ಬೇಕಾದುದು ಶಿಕ್ಷೆಯಲ್ಲ, ಶಿಕ್ಷಣ. ಹೊತ್ತು ತಪ್ಪದೆ ಹೊರಗೆ ಕರೆದೊಯ್ದು, ತಕ್ಕ ಸ್ಥಳದಲ್ಲಿ ಮೂತ್ರಮಾಡಿದಾಗ ಬೆನ್ನು ಸವರಿ ಒಂದು ಚೂರು ತಿಂಡಿ ಕೊಟ್ಟರೆ ಅದು ಬಹುಬೇಗ ಕಲಿಯುತ್ತದೆ. ಎ.ಸಿ.ಯಿಂದ ತೊಟ್ಟಿಕ್ಕುವ ನೀರಿನ ತಂಪಿಗಾಗಿ ಅದು ಅಲ್ಲಿ ಮಲಗುತ್ತಿದ್ದರೆ ಬೇರೆಡೆ ನೆರಳನ್ನೂ ಒಂದು ಬಟ್ಟಲು ನೀರನ್ನೂ ಒದಗಿಸಬೇಕು. ಒಳ್ಳೆಯ ಅಭ್ಯಾಸವಿದ್ದ ಪ್ರಾಣಿಯು ಒಮ್ಮೆಲೇ ಎಲ್ಲೆಂದರಲ್ಲಿ ಮೂತ್ರಮಾಡತೊಡಗಿದರೆ ಅದು ರೋಗದ ಲಕ್ಷಣವಾಗಿರಬಹುದು. ಬೈಯದೆ ವೈದ್ಯರಿಗೆ ತೋರಿಸಬೇಕು. ನಮ್ಮ ನಗರದ ಪರೇಲಿನಲ್ಲಿ 1886ರಷ್ಟು ಹಿಂದೆಯೇ ಪಶುವೈದ್ಯ ವಿದ್ಯಾಲಯವು ಸ್ಥಾಪಿತವಾಗಿದೆ.

ಯಂತ್ರ ಕೆಟ್ಟಿತೆಂದು ಸಾಕಿದ ನಾಯಿಯನ್ನು ದೂರದ ಬೀದಿಯಲ್ಲಿ ಬಿಟ್ಟುಬರುವವರೂ ಇದ್ದಾರೆ. ಸಕಾರಣವಿಲ್ಲದೆ ಪ್ರಾಣಿಯನ್ನು ಹಸಿವು ಬಾಯಾರಿಕೆಗಳಿಗೆ ಈಡಾಗುವಂತೆ ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಂತೆ ಅಪರಾಧ. ಕಾಯಿದೆಯ ಮಾತು ಹಾಗಿರಲಿ. ಅನ್ನ ಹಾಕಿದ ಕೈಯನ್ನು ಬೀದಿ ಬೀದಿಯಲ್ಲಿ ಮೂಸಿ ಹುಡುಕುವ ಆ ಪ್ರಾಣಿಯ ಪಾಡನ್ನು ನೆನೆದರೆ ಸಾಕು. ಯಂತ್ರಕ್ಕೆ ಅರಿವಿಲ್ಲ, ನಾಯಿಗೆ ತನ್ನ ಸ್ವಭಾವದ ಹೊರತು ಬೇರೆ ಶಾಸ್ತ್ರವಿಲ್ಲ. ಎರಡನ್ನೂ ಬಲ್ಲವನು ಮನುಷ್ಯನೊಬ್ಬನೇ ಆದುದರಿಂದ ನಡುವೆ ಬೇಲಿ ಕಟ್ಟುವ ಹೊಣೆಯೂ ಅವನದೇ. ಮುಂದಿನ ಬೇಸಗೆಗೆ ಮುನ್ನ ನಿಮ್ಮ ಕಟ್ಟಡದ ಸುತ್ತ ಒಮ್ಮೆ ತಿರುಗಿ ನೋಡಿರಿ. ನೆಲದ ಮೇಲಿರುವ ಪೆಟ್ಟಿಗೆಯ ಹಾಳೆಗಳ ಮೇಲೆ ಬಿಳಿಯ ಪುಡಿಯಾಗಲಿ, ಕೊಳವೆಯ ಮೇಲೆ ನೀಲಿಹಸಿರಿನ ಕಿಲುಬಾಗಲಿ ಕಂಡರೆ ಮುಟ್ಟದೆ ಹಿರಿಯರಿಗೆ ತಿಳಿಸಿರಿ. ಆ ಒಂದು ಮಾತಿನಿಂದ ಒಂದು ಯಂತ್ರವೂ, ಬಹುಶಃ ಒಂದು ನಾಯಿಯೂ ಉಳಿದೀತು.