ನಿಮಗಿದು ಗೊತ್ತೆ? ವೇದಿಕೆ ಏರಿದ ವಚನ

ಕನ್ನಡ, ಮರಾಠಿ, ಉರ್ದು ಮೂರೂ ಕಿವಿಗೆ ಬೀಳುವ ಬೀದರ್ ಜಿಲ್ಲೆಯಲ್ಲಿ, ಘಾಟಬೋರಾಳದಂತಹ ಊರುಗಳಿರುವ ಹುಮನಾಬಾದ್, ಬಸವಕಲ್ಯಾಣ ಸೀಮೆಯಲ್ಲಿ, ಐಕ್ಯಕ್ಕೆ ಕರೆ ಕೊಡುವ ರಾಜಕಾರಣಿಗಳಿಗೆ ಸಿದ್ಧವಾಗಿ ಒದಗುವುದು ಪರಕೀಯ ಭಾವ ಅಳಿದು ಆತ್ಮೀಯತೆ ಮೂಡಲೆಂದು ಬೇಡುವ ಬಸವಣ್ಣನವರ ವಚನ. ಅದರ ಬಲವಿರುವುದು ಪುನರುಕ್ತಿಯಲ್ಲಿ, ಅಂದರೆ ಒಂದೇ ಮಾತನ್ನು ಬೇಕೆಂದೇ ಮರಳಿ ಹೇಳುವುದರಲ್ಲಿ. ‘ಇವನಾರವ’ ಎಂದು ದೂರವಿಡುವ ಪ್ರಶ್ನೆ ಮೂರು ಸಲ ಬಂದು, ‘ಇವ ನಮ್ಮವ’ ಎಂದು ಹತ್ತಿರ ಕರೆಯುವ ಉತ್ತರವೂ ಮೂರು ಸಲ ಬರುವುದರಿಂದ, ಭಾಷಣಕಾರ ನಡುವೆ ನಿಲ್ಲಿಸಿದರೂ ಉಳಿದುದನ್ನು ಸಭೆಯೇ ಪೂರ್ತಿಗೊಳಿಸಬಲ್ಲದು. ಕೊನೆಯ ಅಂಕಿತ, ಎಂದರೆ ವಚನಕಾರರ ಇಷ್ಟದೈವದ ಹೆಸರಿನ ಮುದ್ರೆ, ಕೂಡಲಸಂಗಮದೇವನನ್ನು ನೇರವಾಗಿ ಸಂಬೋಧಿಸಿ, ತನ್ನನ್ನೂ ಆತನ ಕುಟುಂಬಕ್ಕೆ ಸೇರಿಸಿಕೊಳ್ಳುವಂತೆ ಕೋರುತ್ತದೆ. ವೇದಿಕೆಯ ಮೇಲೆ ಈ ಭಾಗ ಬಿಟ್ಟುಹೋದರೆ, ಹೇಳುವವನು ತನಗಾಗಿ ಮಾಡಿದ ಪ್ರಾರ್ಥನೆ ಕೇಳುವವರಿಗೆ ಕೊಟ್ಟ ಉಪದೇಶವಾಗಿಬಿಡುತ್ತದೆ; ಇದು ಸಣ್ಣ ನಷ್ಟವೇನಲ್ಲ.

ಹೆಸರಿಡುವುದೂ ಇಂಥದೇ ಒಂದು ತಂತ್ರ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದು, ಆಮೇಲೂ ಹೈದರಾಬಾದ್ ಕರ್ನಾಟಕವೆಂದೇ ಕರೆಸಿಕೊಂಡ ಈ ಭಾಗ 2019ರಲ್ಲಿ ಕಲ್ಯಾಣ ಕರ್ನಾಟಕವಾಯಿತು. ಶರಣರ ಕಲ್ಯಾಣ ಪಟ್ಟಣವನ್ನೂ ಒಳಿತನ್ನೂ ಒಟ್ಟಿಗೆ ಸೂಚಿಸುವ ಈ ಬಗೆಯನ್ನು, ಒಂದು ಪದದಿಂದ ಎರಡು ಅರ್ಥ ಹೊರಡಿಸುವ ಕಾರಣಕ್ಕೆ, ಅಲಂಕಾರಶಾಸ್ತ್ರ ಶ್ಲೇಷೆ ಎನ್ನುತ್ತದೆ.

ವಚನ ವೇದಿಕೆ ಏರಿದಂತೆ ವಚನಕಾರರಿಗೂ ಅಧಿಕೃತ ಬಿರುದು ಬಂದಿದೆ: ರಾಜ್ಯ ಸಚಿವ ಸಂಪುಟವು 2024ರ ಜನವರಿಯಲ್ಲಿ ಬಸವಣ್ಣನವರನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕರೆಂದು ಘೋಷಿಸಿತು.