ನಿವೃತ್ತಿ ನೌಕರಿಗೆ, ಕಾಲಿಗಲ್ಲ

"ಮೂವತ್ತಾರು ವರ್ಷ ಬೆಳಿಗ್ಗೆ ಎದ್ದು ಓಡಿದ್ದು ಸಾಕು ಡಾಕ್ಟ್ರೇ, ಇನ್ನು ಹಾಯಾಗಿ ಮನೇಲಿರ್ತೀನಿ." ಪಿರಿಯಾಪಟ್ಟಣದ ಕಡೆಯ ಹಳ್ಳಿ ಶಾಲೆಯಿಂದ ನಿವೃತ್ತರಾದ ಮೇಷ್ಟ್ರೊಬ್ಬರು ನನ್ನ ಬಳಿ ಹೇಳಿದ ಮಾತಿದು. ಹತ್ತು ತಿಂಗಳಾದ ಮೇಲೆ ಮತ್ತೆ ಬಂದರು. ಕುರ್ಚಿಯಿಂದ ಏಳಲು ಎರಡೂ ಕೈ ಊರಬೇಕಾಯಿತು. ಹೊಟ್ಟೆ ಮುಂದೆ ಬಂದಿತ್ತು, ತೊಡೆ ಸೊರಗಿತ್ತು. ಬರಿಹೊಟ್ಟೆಯ ರಕ್ತದ ಸಕ್ಕರೆ 170 ದಾಟಿತ್ತು. "ಏನೂ ಕೆಲಸ ಮಾಡದಿದ್ದರೂ ಸುಸ್ತು" ಎಂಬುದು ಅವರ ದೂರು. ಕೆಲಸವಿಲ್ಲದಿರುವುದೇ ಸುಸ್ತಿಗೆ ಕಾರಣ ಎಂದರೆ ಅವರು ಮೊದಲು ನಂಬಲಿಲ್ಲ.

ಲೆಕ್ಕ ಹಾಕಿ ನೋಡೋಣ. ಹುಣಸೂರಿನ ಮನೆಯಿಂದ ಬಸ್ ನಿಲ್ದಾಣಕ್ಕೆ ನಡಿಗೆ. ಬಸ್ಸಿಳಿದು ಗೇಟಿನಿಂದ ಶಾಲೆಗೆ ಎರಡು ಕಿಲೋಮೀಟರ್, ಸಂಜೆ ಮತ್ತೆ ಅಷ್ಟೇ ದೂರ. ನಡುವೆ ನಾಲ್ಕು ಗಂಟೆ ನಿಂತು ಪಾಠ. ಇದನ್ನು ಅವರು ವ್ಯಾಯಾಮವೆಂದು ಯಾವತ್ತೂ ಭಾವಿಸಿರಲಿಲ್ಲ. ನೌಕರಿ ಹೋದ ದಿನವೇ ಇದೆಲ್ಲವೂ ಹೋಯಿತು, ಮುದ್ದೆಯ ಗಾತ್ರ ಮಾತ್ರ ಹಾಗೇ ಉಳಿಯಿತು. ಅದೇ ಊರಿನಲ್ಲಿ ಎಪ್ಪತ್ತು ದಾಟಿದ ರೈತ ಇಂದಿಗೂ ದನ ಹೊಡೆದುಕೊಂಡು ಗದ್ದೆಗೆ ಹೋಗುತ್ತಾನೆ. ಅವನಿಗೆ ಯಾರೂ ನಿವೃತ್ತಿಯ ಆದೇಶ ಕೊಟ್ಟಿಲ್ಲ.

ನಮ್ಮ ದೇಹ ತಿಂದ ಸಕ್ಕರೆಯನ್ನು ಹೆಚ್ಚಾಗಿ ಬಳಸುವುದು ಮಾಂಸಖಂಡಗಳಲ್ಲಿ. ವಯಸ್ಸಾದಂತೆ ಮಾಂಸಖಂಡ ತಾನಾಗಿಯೇ ಕರಗುತ್ತದೆ. ಕುಳಿತೇ ಇದ್ದರೆ ಇನ್ನೂ ಬೇಗ ಕರಗುತ್ತದೆ. ಆಗ ರಕ್ತದಲ್ಲಿ ಸಕ್ಕರೆ ಉಳಿಯುತ್ತದೆ, ಮಂಡಿಗೆ ಆಸರೆ ತಪ್ಪುತ್ತದೆ, ಬಚ್ಚಲಿನಲ್ಲಿ ಕಾಲು ಜಾರಿದರೆ ಸಾವರಿಸಿಕೊಳ್ಳುವ ಶಕ್ತಿ ಇರುವುದಿಲ್ಲ. ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಕುರ್ಚಿಯನ್ನು ಗೋಡೆಗೆ ಒರಗಿಸಿ, ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು ಐದು ಬಾರಿ ಎದ್ದು ಕುಳಿತುಕೊಳ್ಳಿ. ಪಕ್ಕದಲ್ಲಿ ಯಾರಾದರೂ ಇರಲಿ. ಇದಕ್ಕೆ 15 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಕಾಲಿನ ಬಲ ಕುಗ್ಗಿದೆ ಎಂದು ತಿಳಿಯಬೇಕು. ಸಂತೋಷದ ವಿಷಯವೆಂದರೆ, ಎಪ್ಪತ್ತರಲ್ಲೂ ಈ ಬಲವನ್ನು ಮತ್ತೆ ಗಳಿಸಬಹುದು. ಆ ಪರೀಕ್ಷೆಯೇ ಅದರ ವ್ಯಾಯಾಮ ಕೂಡ: ಬೆಳಿಗ್ಗೆ ಹತ್ತು ಸಲ, ಸಂಜೆ ಹತ್ತು ಸಲ.

ವಾರಕ್ಕೆ ಒಟ್ಟು 150 ನಿಮಿಷವಾದರೂ ಬಿರುಸಾಗಿ ನಡೆಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಾತನಾಡಲು ಸಾಧ್ಯವಾಗಬೇಕು, ಹಾಡಲು ಆಗಬಾರದು, ಅಷ್ಟು ಬಿರುಸು. ಇದರ ಜೊತೆ ವಾರಕ್ಕೆ ಎರಡು ದಿನವಾದರೂ ಮಾಂಸಖಂಡ ಬಲಪಡಿಸುವ ವ್ಯಾಯಾಮ ಬೇಕು. ಆದರೆ ನಸುಕಿನ ನಾಲ್ಕೂವರೆಗೇ ಹೊರಡುವ ಹುಮ್ಮಸ್ಸು ಬೇಡ. ಕತ್ತಲಲ್ಲಿ ಹಳ್ಳ ಕಾಣದು, ಬೀದಿನಾಯಿ ಬಿಡದು. ಎಚ್.ಡಿ.ಕೋಟೆಯ ಕಾಡಂಚಿನವರಿಗಂತೂ ಆನೆ, ಹುಲಿಯ ಭಯ ಬೇರೆ. ಬಿಸಿಲು ಬಿದ್ದ ಮೇಲೆ ಹೊರಟರೆ ಏನೂ ನಷ್ಟವಿಲ್ಲ.

ನಿವೃತ್ತಿಯಾದ ಮೇಲೆ ಊರಿಗೆ ಮರಳಿ ಜಮೀನು ನೋಡಿಕೊಳ್ಳುವವರು ನಮ್ಮಲ್ಲಿ ಬಹಳ. ಒಳ್ಳೆಯದೇ. ಆದರೆ ಮೂವತ್ತು ವರ್ಷ ಪೆನ್ನು ಹಿಡಿದ ಕೈಗೆ ಮೊದಲ ವಾರವೇ ಗುದ್ದಲಿ ಕೊಡಬೇಡಿ. ಹುಣಸೂರು, ಪಿರಿಯಾಪಟ್ಟಣದ ಕಡೆ ಮಳೆಗಾಲದಲ್ಲಿ ಹೊಗೆಸೊಪ್ಪು ಮುರಿಯುವಾಗ ಇನ್ನೊಂದು ಎಚ್ಚರ ಬೇಕು. ನೆನೆದ ಎಲೆಯಿಂದ ನಿಕೋಟಿನ್ ಚರ್ಮದ ಮೂಲಕವೇ ರಕ್ತ ಸೇರಿ ವಾಕರಿಕೆ, ತಲೆಸುತ್ತು, ವಾಂತಿ ಬರುತ್ತವೆ. ಇದನ್ನು ಪಿತ್ತವೆಂದು ಸುಮ್ಮನಾಗುವವರೇ ಹೆಚ್ಚು. ಎಲೆಯ ನೀರು ಆರಿದ ಮೇಲೆ ತುಂಬುತೋಳಿನ ಅಂಗಿ ತೊಟ್ಟು ಮುರಿಯಿರಿ, ಕೆಲಸ ಮುಗಿದೊಡನೆ ಸೋಪು ಹಾಕಿ ತೊಳೆದುಕೊಳ್ಳಿ. ಕಡ್ಡಿಪುಡಿ, ಬೀಡಿಯ ವಿಷಯ ಹೇಳಬೇಕಾಗಿಲ್ಲ. ಬಿಡಲು ಅರವತ್ತು ತಡವಾದ ವಯಸ್ಸೇನಲ್ಲ.

ಊಟದ ವಿಷಯಕ್ಕೆ ಬರೋಣ. ಮುದ್ದೆ ಬಿಡಬೇಡಿ, ಚಿಕ್ಕದು ಮಾಡಿ. ಸಾರು ತೆಳ್ಳಗೆ ಬೇಡ, ಕಾಳು ಹೆಚ್ಚಿರಲಿ. ವಯಸ್ಸಾದವರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 1 ಗ್ರಾಂ ಪ್ರೋಟೀನ್ ಬೇಕು; ಮೂತ್ರಪಿಂಡದ ತೊಂದರೆ ಇದ್ದವರು ಮಾತ್ರ ವೈದ್ಯರನ್ನು ಕೇಳಿಯೇ ನಿರ್ಧರಿಸಬೇಕು. ಹುರುಳಿಕಾಳು, ಕಾಲಕ್ಕೆ ಸಿಗುವ ಅವರೆಕಾಳು, ಮೊಸರು, ಮೊಟ್ಟೆ ಇವೇ ಸಾಕು, ಟಿ.ವಿ.ಯಲ್ಲಿ ತೋರಿಸುವ ದುಬಾರಿ ಪುಡಿಯ ಡಬ್ಬಿ ಅನಗತ್ಯ. ಅರಳಿಕಟ್ಟೆಯ ಹರಟೆ ಮನಸ್ಸಿಗೆ ಔಷಧವೇ ಸರಿ, ತಪ್ಪಿಸಬೇಡಿ. ಆದರೆ ಸಿಕ್ಕ ಪ್ರತಿ ಸ್ನೇಹಿತನಿಗೂ ಒಂದೊಂದು ಸಕ್ಕರೆ ಕಾಫಿ ಎಂದಾದರೆ ಸಂಜೆಯ ಹೊತ್ತಿಗೆ ಎಷ್ಟಾಯಿತು, ನೀವೇ ಎಣಿಸಿ.

ಈಗ ನನ್ನನ್ನು ಹೆಚ್ಚು ಕಾಡುವ ತಪ್ಪು. ಕೆ.ಆರ್.ನಗರದ ಕಡೆಯ ನಿವೃತ್ತ ಬಸ್ ಚಾಲಕರೊಬ್ಬರು "ಟೆನ್ಷನ್ನೇ ಹೋಯಿತಲ್ಲ" ಎಂದು ರಕ್ತದೊತ್ತಡದ ಮಾತ್ರೆ ನಿಲ್ಲಿಸಿದರು. ತಲೆನೋವಿಲ್ಲ, ಏನಿಲ್ಲ. ಐದನೇ ತಿಂಗಳು ಬೆಳಗಿನ ಜಾವ ಬಲಗೈ, ಬಲಗಾಲು ಬಿದ್ದುಹೋಯಿತು. ಮನೆಯವರು ಮಧ್ಯಾಹ್ನದವರೆಗೆ ಎಣ್ಣೆ ತಿಕ್ಕುತ್ತ ಕುಳಿತರು. ರಕ್ತದೊತ್ತಡಕ್ಕೂ ಮನಸ್ಸಿನ ಒತ್ತಡಕ್ಕೂ ಹೆಸರಿನಲ್ಲಿ ನಂಟಿದೆಯೇ ಹೊರತು ಅವೆರಡೂ ಒಂದೇ ಅಲ್ಲ. ಕೆಲಸದ ಒತ್ತಡ ಹೋದ ಮಾತ್ರಕ್ಕೆ ಬಿ.ಪಿ. ಇಳಿಯುತ್ತದೆಂದು ನಂಬಬೇಡಿ, ವೈದ್ಯರು ಹೇಳದೆ ಮಾತ್ರೆ ಬಿಡಬೇಡಿ. ಬಾಯಿ ಸೊಟ್ಟಗಾದರೆ, ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ ತಕ್ಷಣ 108ಕ್ಕೆ ಕರೆ ಮಾಡಿ. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದಕ್ಕೂ ಮುಂಚೆ ಸ್ಕ್ಯಾನ್ ಆಗಬೇಕು. ನಮ್ಮ ತಾಲ್ಲೂಕುಗಳಿಂದ ಮೈಸೂರಿನ ದಾರಿಯನ್ನೂ ಲೆಕ್ಕಕ್ಕೆ ಹಿಡಿಯಿರಿ.

ಇದಕ್ಕೆ ವಿರುದ್ಧವಾದ ತಪ್ಪೂ ಉಂಟು. ಮಂಡಿನೋವಿಗೆ ಅಂಗಡಿಯಿಂದ ಮಾತ್ರೆ ತಂದು ತಿಂಗಳುಗಟ್ಟಲೆ ನುಂಗುವುದು. ಇವು ಬಿ.ಪಿ. ಏರಿಸುತ್ತವೆ, ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಮೂತ್ರಪಿಂಡ ಕೆಡಿಸುತ್ತವೆ.

ಮನೆಯೊಡತಿಯರ ಬಗ್ಗೆ ಒಂದು ಮಾತು. ಯಜಮಾನರು ನಿವೃತ್ತರಾದರೆ ಅವರ ಕೆಲಸ ಹೆಚ್ಚುತ್ತದೆ. ಹನ್ನೊಂದಕ್ಕೆ ಕಾಫಿ, ಒಂದಕ್ಕೆ ಬಿಸಿ ಊಟ, ನಾಲ್ಕಕ್ಕೆ ತಿಂಡಿ. ಅವರ ಬಿ.ಪಿ. ನೋಡಿಸಿ ಎಷ್ಟು ವರ್ಷವಾಯಿತು? ತರಕಾರಿ ತರುವುದು, ನೀರು ಹಿಡಿಯುವುದು, ಅಂಗಳ ಗುಡಿಸುವುದು ನಿಮ್ಮ ಪಾಲಿಗಿರಲಿ. ಕಾಲಿಗೂ ಒಳ್ಳೆಯದು.

ಪಿಂಚಣಿದಾರರು ವರ್ಷಕ್ಕೊಮ್ಮೆ ಜೀವಿತ ಪ್ರಮಾಣಪತ್ರ ಕೊಡುವುದನ್ನು ಮರೆಯುವುದಿಲ್ಲ. ಅದೇ ವಾರ ದಂಪತಿ ಇಬ್ಬರೂ ತಾಲ್ಲೂಕು ಆಸ್ಪತ್ರೆಗೂ ಹೋಗಿ ಬನ್ನಿ. ಬಿ.ಪಿ., ಸಕ್ಕರೆ, ಮೂತ್ರಪಿಂಡದ ಪರೀಕ್ಷೆ, ಕಣ್ಣಿನ ಪೊರೆಯ ತಪಾಸಣೆ ಮಾಡಿಸಿ. ಸಸ್ಯಾಹಾರಿಗಳು ಮತ್ತು ವರ್ಷಗಳಿಂದ ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಳ್ಳುತ್ತಿರುವವರು ಪಾದ ಜೋಮು ಹಿಡಿದರೆ, ಮರೆವು ಹೆಚ್ಚಿದರೆ ಬಿ-12 ಜೀವಸತ್ವವನ್ನೂ ನೋಡಿಸಿಕೊಳ್ಳಬೇಕು. ವಯಸ್ಸಾಯಿತೆಂದು ಬಿಟ್ಟ ಎಷ್ಟೋ ಮರೆವು ಈ ಕೊರತೆಯಿಂದ ಬಂದದ್ದಾಗಿರುತ್ತದೆ.

ಮೇಷ್ಟ್ರು ಈಗ ಬಸ್ಸಿಳಿಯುತ್ತಿದ್ದ ಅದೇ ಗೇಟಿಗೆ ವಾರದಲ್ಲಿ ಮೂರು ದಿನ ಹೋಗುತ್ತಾರೆ. ಅಲ್ಲಿಂದ ಶಾಲೆಗೆ ನಡೆದು ಮಕ್ಕಳಿಗೆ ಒಂದು ಗಂಟೆ ಲೆಕ್ಕ ಹೇಳಿಕೊಟ್ಟು ನಡೆದೇ ಬರುತ್ತಾರೆ. ಮಾತ್ರೆ ಇನ್ನೂ ಇದೆ. ಕುರ್ಚಿಯಿಂದ ಏಳಲು ಮಾತ್ರ ಕೈ ಊರುವುದಿಲ್ಲ.